ಸುಟ್ಟುಹೋದ ಒಪ್ಪಿಗೆ

“ನಿಮಗೆ ಬರ್ತಿದ್ದ ಎದೆಬಡಿತ ಇದೇನಾಮ್ಮಾ?” ಡಾಕ್ಟರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು.

ದ್ರಾಕ್ಷಾಯಣಿ ಮೈಸೂರಿನ ಆಸ್ಪತ್ರೆಯ ಮೇಜಿನ ಮೇಲೆ ಎಚ್ಚರವಾಗಿಯೇ ಮಲಗಿದ್ದಳು. ತೊಡೆಯ ಸಂದಿಯಿಂದ ಹೃದಯದವರೆಗೂ ಸಣ್ಣದೊಂದು ವೈರು ಹೋಗಿತ್ತು. ಅದರ ತುದಿಗೆ ಚೂರು ಕರೆಂಟು ಕೊಟ್ಟಿದ್ದೇ ತಡ, ಎದೆ ಎದ್ದೆನೋ ಬಿದ್ದೆನೋ ಎಂದು ಓಡತೊಡಗಿತು.

“ಇದೇ ಸಾರ್,” ಎಂದಳು.

ಮೂರು ತಿಂಗಳ ಹಿಂದೆ, ಹಳೇಬೀಡಿನ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರದ ದಿನ, ಇಂದುಧರನ ಮುಂದೆ ನಿಂತಾಗ ಓಡಿದ್ದೂ ಇದೇ ಓಟ. ಇವನೇ ನನ್ನವನು ಎಂದು ಎದೆಯೇ ಹೇಳುತ್ತಿದೆ ಅಂದುಕೊಂಡು, ತಲೆ ಕೂಡ ಎತ್ತದೆ ಒಪ್ಪಿಗೆ ಕೊಟ್ಟುಬಿಟ್ಟಿದ್ದಳು ಪುಣ್ಯಾತಗಿತ್ತಿ! ಮದುವೆ ಇನ್ನೂ ಮುಂದಿತ್ತು. ಇಲ್ಲಿ ಇಂದುಧರನ ಸುಳಿವೇ ಇಲ್ಲ. ಬರೀ ಒಂದು ವೈರು.

“ಹೃದಯದಲ್ಲಿ ಕರೆಂಟು ಹರಿಯೋಕೆ ಹುಟ್ಟಿನಿಂದ ಇದ್ದ ಒಂದು ಅಡ್ಡದಾರಿ. ಸುಟ್ಟುಬಿಟ್ವಿ. ಇನ್ನು ಎದೆ ಹಾಗೆ ಓಡಲ್ಲ,” ಎಂದರು ಡಾಕ್ಟರು ಕೊನೆಗೆ.

ವಾರ್ಡಿಗೆ ತಂದ ನರ್ಸ್, ಇನ್ನಾರು ಗಂಟೆ ಹೊತ್ತು ಕಾಲು ಮಡಚಬೇಡಿ ಎಂದು ಹೇಳಿ ಹೋದಳು. ಅರಸೀಕೆರೆಯ ತನ್ನ ಕೊಬ್ಬರಿ ಮಂಡಿಗೆ ಬೀಗ ಹಾಕಿ ಬಂದಿದ್ದ ಇಂದುಧರ ಒಳಗೆ ಬಂದು ಪಕ್ಕದಲ್ಲಿ ಕೂತ. ಅವಳು ಕಾದಳು. ಎದೆ ಓಡಲೇ ಇಲ್ಲ.

“ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ನಿಮ್ಮ ಮುಂದೆ ಎದೆ ಓಡ್ತು ಅಂತ ಒಪ್ಕೊಂಡೆ ಕಣ್ರೀ. ಅದು ಕಾಯಿಲೆಯಂತೆ. ಈಗ ಏನೂ ಆಗ್ತಿಲ್ಲ.”

ಇಂದುಧರನ ಮುಖ ಬಿಳಿಚಿಕೊಂಡಿತು. ಎದ್ದು ಹೊರಟೇಹೋದ.

ಬಾಗಿಲು ಮುಚ್ಚಿಕೊಂಡಿತು. ಆಗಲೂ ಎದೆ ಓಡಲಿಲ್ಲ, ಆದರೆ ದ್ರಾಕ್ಷಾಯಣಿಗೆ ಬಿಕ್ಕಿ ಬಿಕ್ಕಿ ಅಳು ಬಂತು. ಅವನು ಹೋಗಬಾರದಿತ್ತು. ಎದ್ದು ಓಡಿ ತಡೆಯೋಣವೆಂದರೆ ಕಾಲು ಮಡಚುವಂತಿಲ್ಲ.

ಹತ್ತು ನಿಮಿಷಕ್ಕೆ ಯಾರೋ ಬಾಗಿಲು ತಟ್ಟಿದರು. ಇಂದುಧರ! ಮುಖ ತೊಳೆದು, ತಲೆ ಬಾಚಿ, ಅಂಗಿ ಸರಿಮಾಡಿಕೊಂಡು ಬಂದಿದ್ದ.

“ನಾನು ಇಂದುಧರ ಅಂತ. ಅರಸೀಕೆರೆ. ಹೆಣ್ಣು ನೋಡೋಕೆ ಬಂದಿದ್ದೀನಿ. ಅವತ್ತಿಂದು ಬಿಟ್ಟಾಕಿ. ಈ ಸಲ ತಲೆ ತಗ್ಗಿಸ್ಬೇಡಿ, ಸರಿಯಾಗಿ ನೋಡಿ ಹೇಳಿ. ಒಪ್ಪಿಗೆನಾ?”

ಅವಳು ನೋಡಿದಳು. ಎಡಹುಬ್ಬಿನಲ್ಲಿ ಹಳೇ ಗಾಯದ ಗುರುತು. ತಪ್ಪಾಗಿ ಹಾಕಿಕೊಂಡ ಗುಂಡಿ. ಕೊಬ್ಬರಿ ಹಿಡಿದು ಒರಟಾದ ಬೆರಳು. ಇಷ್ಟು ದಿನ ಇದೊಂದೂ ಕಂಡಿರಲಿಲ್ಲವಲ್ಲ ಎಂದು ಅವಳಿಗೆ ದಿಗಿಲಾಯಿತು. ಅವನೋ, ಪರೀಕ್ಷೆಯ ರಿಸಲ್ಟ್ ನೋಡುವವನಂತೆ ಅವಳ ತಲೆಯ ಮೇಲಿದ್ದ ಮಾನಿಟರನ್ನೇ ದಿಟ್ಟಿಸುತ್ತಿದ್ದ. ಎದೆಬಡಿತ ಎಪ್ಪತ್ತೆರಡು ಇದ್ದದ್ದು ಎಪ್ಪತ್ತೆರಡೇ ಇತ್ತು.

“ಅಲ್ಲೇನು ನೋಡ್ತೀರಿ? ಕೇಳಿದ್ದು ನನ್ನನ್ನ ತಾನೆ?” ಎಂದಳು ದ್ರಾಕ್ಷಾಯಣಿ ಕಣ್ಣೊರೆಸಿಕೊಳ್ಳುತ್ತ. “ಒಪ್ಪಿಗೆ ಇದೆ. ಈ ಸಲ ನಾನೇ ಹೇಳ್ತಿರೋದು.”