ಬ್ಲಾಕ್ ಫಾರೆಸ್ಟ್‌ಗೆ ಮೂರು ಟಿಕೆಟ್

"ಮದುವೆ ಆಗದವರಿಗೆ ಕೆಂಪು, ಆದವರಿಗೆ ಕಪ್ಪು. ನಿಮಗೆ ಯಾವುದು ಕೊಡ್ಲಿ?"

ಅಪ್ಪಟ ಮೈಸೂರು ಕನ್ನಡ! ಆಸ್ಟಿನ್‌ನ ಪ್ರವಾಸ ಮೇಳದಲ್ಲಿ, ಜರ್ಮನಿಯ ಬ್ಲಾಕ್ ಫಾರೆಸ್ಟ್ ಮಳಿಗೆಯೊಳಗಿಂದ ಅದು ಕೇಳಿಬಂದಾಗ, ಅತ್ತೆಯೊಡನೆ ಕನ್ನಡದಲ್ಲಿ ಮಾತಾಡುತ್ತ ಬರುತ್ತಿದ್ದ ವಾಣಿಶ್ರೀ ಬೆಚ್ಚಿ ತಲೆಯೆತ್ತಿದಳು.

ಆ ಯುವಕನ ಎರಡೂ ಕೈಗಳಲ್ಲಿ ಹುಲ್ಲಿನ ಟೋಪಿಗಳು. ಮೇಲೆ ಕಿತ್ತಳೆ ಹಣ್ಣಿನಷ್ಟು ದಪ್ಪದ ಉಣ್ಣೆ ಚೆಂಡುಗಳು... ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಕಪ್ಪು.

"ಅಲ್ಲಿನ ಕೆಲವು ಹಳ್ಳಿಗಳ ಹೆಂಗಸರು ಹಬ್ಬಕ್ಕೆ ಹಾಕ್ಕೊಳ್ಳೋ ಟೋಪಿ ಇದು. ಫೋಟೋ ತೆಗೀತೀನಿ. ಹೇಳಿ, ಕೆಂಪಾ, ಕಪ್ಪಾ?"

ಅವನು ನಗುತ್ತಿದ್ದ. ವಾಣಿಶ್ರೀಯ ಕಣ್ಣಂಚು ಒದ್ದೆಯಾಯಿತು.

"ಗಂಡ ತೀರಿಕೊಂಡವಳಿಗೆ ಯಾವ ಬಣ್ಣ?"

ಅವನ ನಗು ಅಲ್ಲಿಗೇ ನಿಂತಿತು. ಉತ್ತರಕ್ಕೆ ಕಾಯದೆ ಅವಳು ಜನರ ನಡುವೆ ನುಗ್ಗಿ ಹೊರಟುಹೋದಳು.

ಆದರೆ ಅವಳ ಅತ್ತೆ ಕಮಲವ್ವ ಕದಲಲಿಲ್ಲ. ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಅಲ್ಲೇ ಕುರ್ಚಿ ಎಳೆದು ಕೂತರು.

"ತಪ್ಪಾಯ್ತು ಆಂಟಿ... ನನಗೆ ಗೊತ್ತಿರಲಿಲ್ಲ," ಎಂದ ಅವನು. ಮುಖವೆಲ್ಲ ಕೆಂಪಾಗಿತ್ತು.

"ನಿಮಗ ಹೆಂಗ ಗೊತ್ತಾಗಬೇಕ್ರಿ? ಆಂಟಿ ಗೀಂಟಿ ಬ್ಯಾಡ, ಅವ್ವ ಅನ್ರಿ. ಈ ಕಾಡು ತೋರಸ್ತೇನಿ ಅಂತ ನನ್ನ ಮಗ ಮೂರು ಟಿಕೆಟ್ ತಗದಿದ್ದ. ಹೋಗೂದಕ್ಕ ಇನ್ನ ಹದಿನೈದ ದಿನ ಇತ್ತು..."

ಕಮಲವ್ವ ಮೇಜಿನ ಮೇಲಿದ್ದ ಕಾಡಿನ ಚಿತ್ರವೊಂದನ್ನು ಎತ್ತಿಕೊಂಡರು.

ವಾಣಿಶ್ರೀಯ ಗಂಡ ಶಶಿಕಾಂತ್ ಹೋಗಿ ಎರಡು ವರ್ಷವಾಗಿತ್ತು. ಡಲ್ಲಾಸ್ ಪಕ್ಕದ ಪ್ಲೇನೋದ ಆಫೀಸಿನಲ್ಲಿ ಮೀಟಿಂಗ್ ನಡುವೆ ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ. ಮದುವೆಗೆ ಮುಂಚೆ ಒಂದು ವರ್ಷ ಜರ್ಮನಿಯಲ್ಲಿ ಕೆಲಸ ಮಾಡಿದ್ದ ಅವನು ಊಟಕ್ಕೆ ಕೂತಾಗೆಲ್ಲ ಆ ಕಾಡಿನ ಕಥೆ ಹೇಳುತ್ತಿದ್ದ. ಈಗ ಪಕ್ಕದೂರು ಅಲೆನ್‌ನ ಆ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಮಾತು ಕಡಿಮೆ, ಟಿವಿ ಸದ್ದು ಜಾಸ್ತಿ.

"ಮಗ ನೋಡಿದ ಕಾಡ ನಾನೂ ನೋಡಬೇಕು," ಎಂದು ಕಮಲವ್ವ ಹಟ ಹಿಡಿದಿದ್ದರಿಂದಲೇ ಆ ದಿನ ವಾಣಿಶ್ರೀ ಆಸ್ಟಿನ್ ತನಕ ಡ್ರೈವ್ ಮಾಡಿದ್ದಳು.

ಮಳಿಗೆಯ ಯುವಕನ ಹೆಸರು ಸುನೀಲ್. ಬ್ಲಾಕ್ ಫಾರೆಸ್ಟ್ ಪಕ್ಕದ ಫ್ರೈಬುರ್ಗ್‌ನಲ್ಲಿ ಆರು ವರ್ಷ ಅರಣ್ಯಶಾಸ್ತ್ರ ಓದಿದವನು. ಈಗ ಆಸ್ಟಿನ್ ಪಕ್ಕದ ಬ್ಯಾಸ್ಟ್ರಾಪ್‌ನಲ್ಲಿ, ಬೆಂಕಿಗೆ ಸುಟ್ಟುಹೋದ ಪೈನ್ ಕಾಡಿನಲ್ಲಿ ಮತ್ತೆ ಸಸಿ ನೆಡಿಸುವ ಕೆಲಸ. ಬಿಡುವಿನಲ್ಲಿ, ಆ ಕಡೆ ಹೋಗುವವರಿಗೆ ಪ್ರವಾಸದ ಪ್ಲ್ಯಾನ್ ಮಾಡಿಕೊಡುತ್ತಿದ್ದ.

ಕಮಲವ್ವ ತಮ್ಮಿಬ್ಬರ ಪ್ರವಾಸದ ಪ್ಲ್ಯಾನನ್ನೂ ಅವನಿಗೇ ಒಪ್ಪಿಸಿದರು. ಪ್ರತಿ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಅವನೊಡನೆ ವಿಡಿಯೋ ಕಾಲ್ ಶುರುವಾಯಿತು.

ಮೊದಮೊದಲು ವಾಣಿಶ್ರೀ ಅಡುಗೆಮನೆಯಲ್ಲೇ ಇರುತ್ತಿದ್ದಳು. ಕಿವಿ ಮಾತ್ರ ಹಾಲ್‌ನಲ್ಲಿ.

"ಅವ್ವ, ಅಲ್ಲಿನ ಹಳೇ ಮನೆಗಳ ಚಾವಣಿ ನೆಲದ ಹತ್ತಿರದವರೆಗೂ ಇಳಿದಿರುತ್ತೆ. ಒಂದೇ ಸೂರಿನ ಕೆಳಗೆ ಜನಾನೂ ಇರ್ತಿದ್ರು, ಹಸುಗಳೂ ಇರ್ತಿದ್ವು."

"ಹೌದೇನ್ರಿ! ನಮ್ಮ ಗದಗಿನ ಹಳೇ ಮನ್ಯಾಗೂ ಹಂಗ ಇತ್ತಲ್ರಿ. ಬಾಗಲಾ ತಗದರ ಮೊದಲ ದನಾ, ಆಮ್ಯಾಲ ಮಂದಿ!"

"ಚಳಿಗಾಲದಲ್ಲಿ ಹಿಮ ಬಿದ್ದು ಹೊರಗೆ ಹೋಗೋಕೆ ಆಗ್ತಿರಲಿಲ್ಲ. ಆಗ ಕೂತು ಮರದಲ್ಲಿ ಗಡಿಯಾರ ಕೆತ್ತೋರು. ಚಳಿ ಮುಗಿಯೋ ಹೊತ್ತಿಗೆ ಮರದ ಮುಖವಾಡ ಹಾಕ್ಕೊಂಡು, ಗಂಟೆ ಕಟ್ಟಿಕೊಂಡು ಬೀದೀಲಿ ಕುಣಿಯೋರು. ಚಳಿಗಾಲಾನ ಓಡಿಸೋಕಂತೆ!"

"ಓಡತದೇನ್ರಿ ಅದು?"

"ನಿಧಾನಕ್ಕೆ ಓಡುತ್ತೆ ಅವ್ವ," ಎಂದ ಸುನೀಲ್.

ಒಲೆಯ ಮುಂದೆ ನಿಂತಿದ್ದ ವಾಣಿಶ್ರೀಗೆ ಯಾಕೋ ಕಣ್ಣು ತುಂಬಿತು.

ಮೇ ತಿಂಗಳ ಒಂದು ಶನಿವಾರ ಅವನು ಅವರ ಮನೆ ಬಾಗಿಲಲ್ಲೇ ನಿಂತಿದ್ದ.

"ಇದೇ ದಾರೀಲಿ ಹೋಗ್ತಿದ್ದೆ..."

"ಆಸ್ಟಿನ್‌ನಿಂದ ಇಲ್ಲಿಗೆ ಇನ್ನೂರಿಪ್ಪತ್ತು ಮೈಲಿ! ಅದ್ಯಾವ ದಾರಿ?"

ಅವನು ತಲೆ ತಗ್ಗಿಸಿದ. ವಾಣಿಶ್ರೀ ಜೋರಾಗಿ ನಕ್ಕುಬಿಟ್ಟಳು. ಎರಡು ವರ್ಷದಲ್ಲಿ ಮೊದಲ ಸಲ! ನಕ್ಕ ಮೇಲೆ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. 'ಶಶಿ, ನಾನು ನಕ್ಕೆ... ಬೇಜಾರಾಯ್ತಾ?'

ಅಲ್ಲಿಂದ ಭಾನುವಾರಕ್ಕೆ ಕಾಯುವುದು ಅವಳಿಗೆ ಅಭ್ಯಾಸವಾಯಿತು.

ಜುಲೈನಲ್ಲಿ ಎಲ್ಲವೂ ಒಡೆದುಹೋಯಿತು.

ತರಕಾರಿ ಚೀಲ ಹಿಡಿದು ಗರಾಜ್ ಬಾಗಿಲಿನಿಂದ ಅವಳು ಒಳಗೆ ಬಂದಾಗ ಕಮಲವ್ವನ ಫೋನ್ ಸ್ಪೀಕರ್‌ನಲ್ಲಿತ್ತು.

"ನನ್ನ ಸೊಸೀನ್ನ ನೀವ ಮದಿವಿ ಮಾಡ್ಕೊಳ್ರಿ ಸುನೀಲ್. ನಾ ಹ್ವಾದ ಮ್ಯಾಲ ಆಕಿಗೆ ಯಾರದಾರ? ಮಾತ ಕೊಟ್ಟೀರಿ ನನಗ, ಮರೀಬ್ಯಾಡ್ರಿ."

"ಕೊಟ್ಟ ಮಾತು ಮರೆತಿಲ್ಲ ಅವ್ವ..."

ವಾಣಿಶ್ರೀಯ ಕೈಯಿಂದ ಚೀಲ ಜಾರಿತು.

ಹಾಗಾದರೆ ಆ ಭಾನುವಾರಗಳು? ಆ ಇನ್ನೂರಿಪ್ಪತ್ತು ಮೈಲಿ? ಎಲ್ಲವೂ ಅತ್ತೆ ಕೇಳಿಕೊಂಡಿದ್ದಕ್ಕೆ ತೋರಿಸಿದ ಕರುಣೆಯೇ?

ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅವನಿಗೆ ಫೋನ್ ಮಾಡಿದಳು.

"ನಿಮ್ಮ ಪ್ಲ್ಯಾನ್‌ನಲ್ಲಿ ನನ್ನ ಮದುವೇನೂ ಇತ್ತಾ?"

"ವಾಣಿಶ್ರೀ ಅವರೇ, ನೀವು ಕೇಳಿಸಿಕೊಂಡಿದ್ದು ಪೂರ್ತಿ..."

"ಯಾವ ಮಾತು ಕೊಟ್ಟಿದ್ದೀರಿ ಅತ್ತೆಗೆ? ಅದನ್ನ ಹೇಳಿ!"



"ಅದನ್ನ... ನಾನು ಹೇಳೋ ಹಾಗಿಲ್ಲ."

"ಇನ್ಮೇಲೆ ಫೋನ್ ಮಾಡಬೇಡಿ. ಬಡಪಾಯಿ ವಿಧವೆಗೆ ಬಾಳು ಕೊಡೋ ಪುಣ್ಯ ಬೇರೆ ಎಲ್ಲಾದ್ರೂ ಸಂಪಾದಿಸಿಕೊಳ್ಳಿ!"

ಅವನ ನಂಬರ್ ಬ್ಲಾಕ್ ಮಾಡಿದಳು. ಪ್ರವಾಸ ಕ್ಯಾನ್ಸಲ್ ಮಾಡಿದಳು. ಕಮಲವ್ವ ಏನೋ ಹೇಳಲು ಬಾಯಿ ತೆರೆದರು. "ಈಗ ಬೇಡ ಅತ್ತೆ," ಎಂದಳು. ಆ 'ಈಗ ಬೇಡ' ಎರಡು ವಾರ ಎಳೆಯಿತು.

ಆಗಸ್ಟ್‌ನ ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದ ಕಮಲವ್ವ ಹಿಟ್ಟಿನ ಕೈಯಲ್ಲೇ ಕುಸಿದುಬಿದ್ದರು.

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಲಿವರ್‌ಗೂ ಹಬ್ಬಿತ್ತು. ಡಲ್ಲಾಸ್‌ನ ಡಾಕ್ಟರ್ ಹ್ಯೂಸ್ಟನ್‌ಗೆ ಕಳಿಸಿದರು. ಹ್ಯೂಸ್ಟನ್‌ನ ಡಾಕ್ಟರ್ ಹಳೆಯ ರಿಪೋರ್ಟ್ ನೋಡಿ, "ಇವರಿಗೆ ಜೂನ್‌ನಲ್ಲೇ ಗೊತ್ತಿತ್ತಲ್ಲ?" ಎಂದರು.

ವಾಣಿಶ್ರೀ ಹಾಸಿಗೆಯ ಪಕ್ಕ ಕುಸಿದು ಕೂತಳು. "ಅತ್ತೆ... ನನಗೆ ಯಾಕೆ ಹೇಳಲಿಲ್ಲ?"

"ಬಾಜೂಮನಿ ಶ್ರೀವಿದ್ಯಾನ ಕಾರಿನ್ಯಾಗ ಡಾಕ್ಟರ್ ಹತ್ರ ಹೋಗಿದ್ದೆ ವಾಣಿ. ಅವ್ರು ಫೋನಿನ್ಯಾಗ ಕನ್ನಡದವರ್ನ ಕೂಡಿಸಿ ಏನೇನೋ ಹೇಳಿದ್ರು, ನನಗ ನಂಬಿಕಿ ಬರಲಿಲ್ಲ. ರಿಪೋರ್ಟ್ ಇಂಗ್ಲಿಷ್‌ನ್ಯಾಗ. ಇಲ್ಲಿ ಯಾರ ಕಡೆ ಓದಿಸಿದ್ರೂ ನಿನ್ನ ಕಿವಿಗೆ ಬೀಳತಿತ್ತು. ಫೋಟೋ ತಗದು ಸುನೀಲ್‌ಗ ಕಳಿಸಿದೆ. ಓದಿ ಹೇಳಿದಾಗ ಆ ಹುಡುಗ ಅತ್ತ... ನಿನಗ ಹೇಳಬಾರದಂತ ನಾನ ಮಾತ ತಗೊಂಡೆ. ನೀ ಗಂಡನ್ನ ಕಳಕೊಂಡು ಎರಡ ವರ್ಷ ಆತು. ಒಂದ ಪ್ರವಾಸರ ನಕ್ಕೋತ ಮಾಡಲಿ, ಬಂದ ಮ್ಯಾಲ ಹೇಳೂಣಂತ... 'ಹೇಳ್ರಿ ಅವ್ವ, ಹೇಳ್ರಿ' ಅಂತ ವಾರಾ ವಾರಾ ನನ್ನ ಕೂಡ ಜಗಳಾ ಆಡತಿದ್ದ."

ಅವನು ಹೇಳಲಾಗದ ಮಾತು ಇದಾಗಿತ್ತೇ! ವಾಣಿಶ್ರೀಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ಯಾವ ಮುಖ ಇಟ್ಟುಕೊಂಡು ಮಾತಾಡುವುದು?

ಮರುದಿನ ಮಧ್ಯಾಹ್ನ ಅವಳು ಆಸ್ಪತ್ರೆಯ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬಂದಾಗ ಕಮಲವ್ವನ ಕೋಣೆಯಿಂದ ಪರಿಚಿತ ದನಿ ಕೇಳಿಸಿತು. ಬಾಗಿಲು ಅರ್ಧ ತೆರೆದಿತ್ತು. ಅತ್ತೆಯೇ ಫೋನ್ ಮಾಡಿ ಸುನೀಲ್‌ನನ್ನು ಕರೆಸಿಕೊಂಡಿದ್ದರು.

"ರೈಲು ಹೊರಟಿತು ಅವ್ವ. ಬೆಟ್ಟ ಹತ್ತುತ್ತಾ ಇದೆ. ಸುರಂಗ ಬಂತು... ಕತ್ತಲೆ. ಈಗ ಬೆಳಕು."

ಕಮಲವ್ವ ಕಣ್ಣು ಮುಚ್ಚಿಕೊಂಡಿದ್ದರು. "ಎಷ್ಟ ಸುರಂಗ ಅದಾವ?"

"ಮೂವತ್ತಕ್ಕಿಂತ ಜಾಸ್ತಿ. ಎಲ್ಲಾನೂ ದಾಟೋಣ, ಅವಸರ ಇಲ್ಲ. ಎಡಗಡೆ ನೋಡಿ, ಎತ್ತರದ ಮರಗಳು, ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಒಳಗೆ ಬಿಸಿಲೇ ಬೀಳಲ್ಲ. ಅದಕ್ಕೇ ಕಪ್ಪು ಕಾಡು ಅಂತ ಹೆಸರು."

"ವಾಣಿ ಎಲ್ಲಿ ಕುಂತಾಳ?"

"ಕಿಟಕಿ ಪಕ್ಕ."

"ನೀವ?"

"ನಾನು... ಆಚೆ ಸೀಟಲ್ಲಿ. ಸ್ವಲ್ಪ ದೂರ."

"ಯಾಕ ದೂರ?"

"ಅವರು ಕರೆದಿಲ್ಲವಲ್ಲ ಅವ್ವ."

ಕಮಲವ್ವ ನಿಟ್ಟುಸಿರು ಬಿಟ್ಟರು. "ಅವತ್ತ ನಾ ಕೇಳಿದಾಗ ಒಪ್ಪಿಕೊಂಡಿದ್ರ ಆಗತಿತ್ತು. ಬ್ಯಾಡ ಅಂದ್ರಿ."

"ನಿಮಗೋಸ್ಕರ ಆಗಲ್ಲ ಅಂದೆ. ನನಗೆ ಅವರು ಇಷ್ಟ. ಆವತ್ತು ಮೇಳದಲ್ಲಿ ಕಣ್ಣೀರು ತುಂಬಿಕೊಂಡು ಹೋದರಲ್ಲ, ಆಗಿಂದ ಮನಸ್ಸಿಗೆ ನೆಮ್ಮದಿ ಇಲ್ಲ. ಆದ್ರೆ ಅವರಿಗೆ ಅನ್ನಿಸಬೇಕು. ಅನ್ನಿಸದೇ ಹೋದ್ರೂ... ಪರವಾಗಿಲ್ಲ."

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ವಾಣಿಶ್ರೀಯ ಕೆನ್ನೆ ಒದ್ದೆಯಾಗಿತ್ತು.

ಅವಳು ಒಳಗೆ ಬಂದಳು. ಸುನೀಲ್ ಗಾಬರಿಯಿಂದ ಎದ್ದು ನಿಂತ. ಅವಳು ಹಾಸಿಗೆಯ ಇನ್ನೊಂದು ಬದಿಗೆ ಕೂತು ಅತ್ತೆಯ ಕೈ ಹಿಡಿದುಕೊಂಡಳು.

"ಕೂತ್ಕೊಳ್ಳಿ. ಮುಂದೆ ಹೇಳಿ... ರೈಲು ಎಲ್ಲಿಗೆ ಬಂತು?"

ಅವನು ಕುರ್ಚಿ ಎಳೆದು ಕೂತ. ಮತ್ತೆ ಹೇಳತೊಡಗಿದ. ರೈಲಿನಿಂದ ಇಳಿಸಿದ, ಟ್ರಿಬೆರ್ಗ್‌ನ ಜಲಪಾತದ ಮುಂದೆ ನಿಲ್ಲಿಸಿದ, ಟಿಟಿಸೀ ಸರೋವರದಲ್ಲಿ ದೋಣಿ ಹತ್ತಿಸಿದ. ನಾಲ್ಕು ದಿನ ಹೀಗೇ ನಡೆಯಿತು. ನೀರು ತಣ್ಣಗಿದೆಯೇ ಎಂದು ಕಮಲವ್ವ ಕೇಳಿದರು. ಮಗ ಇದ್ದ ಬೀದಿ ಯಾವುದು ಎಂದು ಕೇಳಿದರು. ಐದನೆಯ ದಿನ ಬೆಳಗ್ಗೆ ಅವರು ಏನೂ ಕೇಳಲಿಲ್ಲ.

ಹತ್ತು ಗಂಟೆಗೆ ಉಸಿರು ನಿಂತಿತು.

ವಾಣಿಶ್ರೀ ಅಳಲಿಲ್ಲ. ಕಾರ್ಯವೆಲ್ಲ ಮುಗಿಯಿತು, ಬಂದವರು ಹೋದರು. ಒಂದು ದಿನ ಬೆಳಗ್ಗೆ ಅಡುಗೆಮನೆಗೆ ಹೋದವಳು ಅಭ್ಯಾಸಬಲದಿಂದ ಇಬ್ಬರಿಗೆ ಚಹಾ ಮಾಡಿದಳು. ಎರಡನೆಯ ಲೋಟವನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಕಾರಿನ ಕೀ ತೆಗೆದುಕೊಂಡಳು.

ಬ್ಯಾಸ್ಟ್ರಾಪ್ ತಲುಪಿದಾಗ ಮಧ್ಯಾಹ್ನ ದಾಟಿತ್ತು. ಸುಟ್ಟು ಕರಕಲಾದ ಮರಗಳ ನಡುವೆ ಮೊಳಕಾಲೆತ್ತರದ ಪೈನ್ ಸಸಿಗಳು. ಬಗ್ಗಿ ಬುಡದ ಮಣ್ಣು ನೋಡುತ್ತಿದ್ದ ಸುನೀಲ್ ತಲೆಯೆತ್ತಿದ.

"ವಾಣಿಶ್ರೀ ಅವರೇ! ಒಬ್ಬರೇ ಡ್ರೈವ್ ಮಾಡ್ಕೊಂಡು..."

"ಮೊದಲೇ ಹೇಳಿಬಿಡ್ತೀನಿ. ಶಶಿ ಫೋಟೋ ನಮ್ಮನೆ ಗೋಡೆಯಿಂದ ಇಳಿಯಲ್ಲ. ಈಗ ಪಕ್ಕದಲ್ಲಿ ಅತ್ತೇದೂ ಇದೆ."

"ಇಳಿಸಿ ಅಂತ ಯಾರು ಹೇಳಿದ್ರು?"

"ಒಂದೊಂದ್ಸಲ ಇದ್ದಲ್ಲೇ ನಿಂತುಬಿಡ್ತೀನಿ ನಾನು. ಇವತ್ತು ಚಹಾ ಮಾಡ್ತಾ..." ಅಷ್ಟು ದಿನ ಬಾರದ ಅಳು ಈಗ ಒತ್ತರಿಸಿಕೊಂಡು ಬಂತು. ಅವಳು ಅಲ್ಲೇ, ಬೂದಿ ಬೆರೆತ ಮಣ್ಣಿನ ಮೇಲೆ ಕೂತುಬಿಟ್ಟಳು.

ಸುನೀಲ್ ಪಕ್ಕದಲ್ಲಿ ಬಂದು ಕೂತ. "ನನಗೆ ಸಮಾಧಾನ ಮಾಡೋಕೆ ಬರಲ್ಲ. ಹೀಗೆ ಕೂತಿರ್ತೀನಿ, ಆಗುತ್ತಾ?"

ಅವಳು ಅಳುತ್ತಲೇ ತಲೆಯಾಡಿಸಿದಳು. ಬಿಸಿಲು ಇಳಿಯತೊಡಗಿತು. ಅವನು ಏಳಲಿಲ್ಲ.

"ಸುನೀಲ್..."

"ಹೂಂ?"

"ನೀವು ನನಗೆ ಇಷ್ಟ. ಅವತ್ತು ಸಿಟ್ಟು ಬಂದಿದ್ದೂ ಅದಕ್ಕೇ. ಬರೀ ಕರುಣೆಯಾಗಿಬಿಟ್ರೆ ಅನ್ನೋ ಭಯ."

ಅವನ ಕಣ್ಣು ತುಂಬಿತು. "ಇನ್ನೊಂದ್ಸಲ ಹೇಳಿ."

"ಊಹೂಂ... ಮೊದಲು ಊಟ ಹಾಕ್ಸಿ. ಬೆಳಗ್ಗೆಯಿಂದ ಏನೂ ತಿಂದಿಲ್ಲ ನಾನು."