ಗುನ್‌ವೋರಳ ನೀಲಿ ಕೋಟು

ನಾರ್ವೆಯ ಉತ್ತರ ತುದಿಯ ನಮ್ಮ ಭೂಶಿರದಲ್ಲಿ ಕಡಲಬಾತುಗಳಿಗೆ ನಾವೇ ಕಲ್ಲಿನ ಗೂಡು ಕಟ್ಟುತ್ತೇವೆ. ಅವು ಗೂಡಿನಲ್ಲಿ ಬಿಡುವ, ರಜಾಯಿಗೆ ತುಂಬುವ ಮೆತ್ತನೆಯ ತುಪ್ಪುಳವೇ ನಮ್ಮ ಹೊಟ್ಟೆಪಾಡು. ಮನುಷ್ಯರನ್ನು ಅವು ಗುರುತಿಸುವುದು ಉಡುಪಿನಿಂದ. ಹೆಂಡತಿ ಗುನ್‌ವೋರ್ ಮೂವತ್ತು ವರ್ಷ ಒಂದೇ ನೀಲಿ ಕೋಟು ತೊಟ್ಟಳು. ಈ ಚಳಿಗಾಲದಲ್ಲಿ ಅವಳು ತೀರಿಕೊಂಡಾಗ ನಾನು ಅದನ್ನೇ ತೊಡಿಸಿ ಮಣ್ಣು ಮಾಡಿದೆ.

"ಎಂಥಾ ಕೆಲ್ಸ ಮಾಡ್ದೆ ಅಪ್ಪಾ! ಇನ್ನು ನಿನ್ನ ಗಡ್ಡ ನೋಡ್ಕೊಂಡು ಯಾವ ಬಾತು ಹತ್ರ ಬಿಟ್ಕೊಳ್ಳುತ್ತೆ?" ಎಂದಳು ಮಗಳು ರಾಗ್ನಾ.

"ಮಣ್ಣೊಳಗೆ ಚಳಿ ಕಣೇ," ಎಂದೆ.

ಮೇ ತಿಂಗಳ ಒಂದು ಮಧ್ಯಾಹ್ನ ಗೂಡುಗಳ ಬಳಿ ಹೋದರೆ ಬಾತುಗಳು ಬುಸುಗುಟ್ಟಿದವು. ಹಿಂದೆ ಸರಿದು ಸಾಲಿನ ಆಚೆ ತುದಿಯ ಕಲ್ಲೊಂದರ ಮೇಲೆ ಕುಳಿತೆ. ಗಾಳಿ ನಿಂತಿತು. ಆಗ ಮೊದಲ ಗೂಡಿನ ಬಾತು ತಾನಾಗಿ ಎದ್ದು, ಪಕ್ಕಕ್ಕೆ ಸರಿದು, ತುಸು ಹೊತ್ತು ಕಾದು, ಮತ್ತೆ ಕುಳಿತಿತು. ಆಮೇಲೆ ಎರಡನೆಯದು, ಮೂರನೆಯದು. ತುಪ್ಪುಳ ತೆಗೆಯಲು ಗುನ್‌ವೋರ್ ಹೋಗುತ್ತಿದ್ದ ಸಾಲಿನಲ್ಲೇ, ಅವಳ ಕುಂಟುನಡಿಗೆಯ ನಿಧಾನದಲ್ಲೇ. ಕೊನೆಯ ಗೂಡು ನನ್ನಿಂದ ಎರಡೇ ಮಾರು.

"ದಣಿದಿರ್ತೀಯ, ಸ್ವಲ್ಪ ಕೂತ್ಕೊಳ್ಳೇ," ಎಂದೆ.

ಬಾತುಗಳೆಲ್ಲ ಒಮ್ಮೆಗೇ ತಲೆಯೆತ್ತಿ ನನ್ನ ಪಕ್ಕದ ಖಾಲಿ ಜಾಗವನ್ನು ನೋಡಿದವು. ಅಲ್ಲಿ ಕೈಯಿಟ್ಟೆ. ಬಿಸಿಲಿಗೆ ಕಾದಿದ್ದ ಕಲ್ಲಿನಲ್ಲಿ ಅಷ್ಟಗಲ ಮಾತ್ರ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

ಚಳಿಯಾಗದಿರಲೆಂದು ಅವಳ ಕೋಟಿನ ಗುಂಡಿಗಳನ್ನೆಲ್ಲ, ಕತ್ತಿನವರೆಗೂ, ನಾನೇ ಹಾಕಿದ್ದೆ.