ಆಗ್ರಾದಿಂದ ಬಾರದ ಕಾರ್ಡು

"ನಿಲ್ಸಿ! ನಿಲ್ಸಿ ಗಾಡಿ! ಕಣ್ ಕಾಣಾಕಿಲ್ವಾ ನಿಮ್ಗೆ?"

ಬನಶಂಕರಿ ಎರಡೂ ಕೈ ಚಾಚಿ ಕಾರಿನ ಮೂತಿಗೆ ಅಡ್ಡ ನಿಂತೇಬಿಟ್ಟಳು. ಅವಳ ಬೆನ್ನ ಹಿಂದೆ, ಕೊಳ್ಳೇಗಾಲದ ನೇಕಾರರ ಬೀದಿಯುದ್ದಕ್ಕೂ ಹೊಸ ಸೀರೆಗಳಿಗಾಗಿ ಮಗ್ಗಕ್ಕೇರಿಸುವ ರೇಷ್ಮೆ ಎಳೆಗಳ ಹಾಸನ್ನು ಎಳೆದು ಕಟ್ಟಿದ್ದರು. ಸಾವಿರಾರು ಎಳೆ! ಅವಳ ಅಪ್ಪ ರಾಮಲಿಂಗಯ್ಯನ ಮುಂದಿನ ಒಂದು ತಿಂಗಳ ದುಡಿಮೆಯೆಲ್ಲ ಆ ಎಳೆಗಳ ಮೇಲೆಯೇ ನಿಂತಿತ್ತು.

ಅಂಬಾಸಿಡರ್ ಕಾರು ಕಿರ್ರೆಂದು ನಿಂತಿತು. ಒಳಗಿನಿಂದ ಡ್ರೈವರ್ ಇಳಿದ. ಇಪ್ಪತ್ತಾರು ಇಪ್ಪತ್ತೇಳರ ಹುಡುಗ. ಬೈಯುತ್ತಾನೆಂದು ಇವಳು ಸೆರಗು ಸಿಕ್ಕಿಸಿ ಸಜ್ಜಾದರೆ, ಅವನು ಅವಳ ಕಾಲ ಕೆಳಗೆ ನೋಡಿ ನಕ್ಕ.

"ಎಳೆ ಕಿತ್ತದ್ದು ನನ್ ಗಾಡಿ ಅಲ್ಲ ಕಣಮ್ಮಾ... ನಿನ್ ಹಿಮ್ಮಡಿ!"

ಅಯ್ಯೋ! ಹೆದರಿ ಹಿಂದೆ ಸರಿದಾಗ ಅವಳೇ ಹಾಸು ತುಳಿದಿದ್ದಳು. ಐದಾರು ಎಳೆ ಪಟಪಟನೆ ಹರಿದಿದ್ದವು.

ಅವಳ ಕಣ್ಣಲ್ಲಿ ನೀರು ಬರುವಷ್ಟರಲ್ಲಿ ಅವನು ಕುಕ್ಕರಗಾಲಲ್ಲಿ ಕೂತು, ಹರಿದ ತುದಿಗಳನ್ನು ಹುಡುಕಿ, ಬೆರಳಲ್ಲೇ ಹೊಸೆದು ಒಂದೊಂದಾಗಿ ಕೂಡಿಸಿದ. ಗಂಟು ಎಲ್ಲಿದೆಯೆಂದೇ ತಿಳಿಯಲಿಲ್ಲ.

"ಡ್ರೈವರ್ ಕೈಗೆ ಈ ಕೆಲ್ಸ ಎಲ್ ಬಂತು?"

"ಹನೂರಲ್ಲಿ ನಮ್ಮಪ್ಪಂದೂ ಮಗ್ಗ ಇತ್ತು. ಅಪ್ಪ ಅವ್ವ ಇಬ್ರೂ ತೀರ್ಕಂಡ್ರು. ಒಬ್ನೇ ಕುಂತು ನೇಯಾಕಾಗ್ಲಿಲ್ಲ, ಸ್ಟೇರಿಂಗ್ ಹಿಡ್ದೆ. ಮಾದಸ್ವಾಮಿ ಅಂತ."

ಅದು ಅರವತ್ತೇಳನೇ ಇಸವಿಯ ದೀಪಾವಳಿ ಕಳೆದ ವಾರ. ಕಾರಿನಲ್ಲಿದ್ದವರು ನಾರ್ವೆ ದೇಶದ ಇಂಗ್ರಿಡ್ ಮೇಡಂ. ಅರವತ್ತು ದಾಟಿದ ಒಂಟಿ ಹೆಂಗಸು. ನಮ್ಮ ದೇಶವನ್ನೆಲ್ಲ ಸುತ್ತಿ, ತಮಗೆ ಮೆಚ್ಚಿಗೆಯಾದ ಹನ್ನೆರಡು ಜಾಗಗಳ ಬಗ್ಗೆ ಪುಸ್ತಕ ಬರೆಯುತ್ತಾರಂತೆ! ಅವರು ಕೊಳ್ಳೇಗಾಲದ ಬಂಗಲೆಯಲ್ಲಿ ಮೂರು ದಿನ ಉಳಿದರು. ಮೊದಲೆರಡು ದಿನ ಶಂಕರಿಯ ಮನೆಯ ಮಗ್ಗ ಬಿಟ್ಟು ಏಳಲಿಲ್ಲ. ಮೂರನೇ ದಿನ ಶಂಕರಿಯನ್ನೂ ಅವಳ ಸೋದರತ್ತೆ ಸರಸ್ವತಮ್ಮನನ್ನೂ ಕಾರಿನಲ್ಲಿ ಕೂರಿಸಿಕೊಂಡು ಭರಚುಕ್ಕಿ ಜಲಪಾತಕ್ಕೆ ಹೊರಟೇಬಿಟ್ಟರು.

ಬಂಡೆಯ ಮೇಲೆ ಕೂತು ಮೇಡಂ ಏನೋ ಕೇಳಿದರು. ಮಾದಸ್ವಾಮಿ ಕನ್ನಡ ಮಾಡಿ ಹೇಳಿದ. "ನಿಂಗೆ ಎಲ್ಲಕ್ಕಿಂತ ಇಷ್ಟದ ಜಾಗ ಯಾವ್ದು ಅಂತವ್ರೆ."

"ನಾನೇನ್ ಕಂಡಿವ್ನಿ? ಆ ಕಡೆ ಯಳಂದೂರು, ಈ ಕಡೆ ಇದು. ಮನೇಲಿ ಮಗ್ಗದ ಸದ್ದು ಬಿಟ್ರೆ ಮಾತೂ ಇಲ್ಲ."

ನಗುತ್ತಲೇ ಹೇಳಿದಳು. ಆದರೆ ಅವ್ವ ತೀರಿಕೊಂಡ ಹತ್ತು ವರ್ಷದಲ್ಲಿ ಅಪ್ಪ ಅವಳೊಡನೆ ಆಡಿದ ಮಾತನ್ನು ಒಂದು ಹಾಳೆಯಲ್ಲಿ ಬರೆದು ಮುಗಿಸಬಹುದಿತ್ತು. ಅತ್ತೆಯದೋ, ಬರೀ ಬೈಗುಳ. ಮಾದಸ್ವಾಮಿ ನಗಲಿಲ್ಲ. ಅವಳನ್ನೇ ನೋಡುತ್ತ ನಿಂತ.

ಅತ್ತೆ ಮೇಡಂ ಜೊತೆ ಹೊಳೆಯಂಚಿಗೆ ಹೋದಾಗ ಅವನು ಮೆಲ್ಲಗೆ ಅಂದ, "ಆರು ತಿಂಗ್ಳು ಓಗ್ತಾ ಇವ್ನಿ. ಮಧುರೆ, ಕನ್ಯಾಕುಮಾರಿ, ಕೋಣಾರ್ಕ, ಕಾಶಿ... ಮೇಡಂ ಪಟ್ಟೀಲಿ ಕೊನೇದು ಆಗ್ರಾದ ತಾಜಮಹಲು. ಎಲ್ಲಾ ಕಡೆಯಿಂದ್ಲೂ ನಿಮ್ಮಪ್ಪನ ಎಸ್ರಿಗೆ ಕಾರ್ಡ್ ಆಕ್ತೀನಿ. ಕೊನೇ ಕಾರ್ಡಲ್ಲಿ ಅವ್ರುನ್ನ ಒಂದ್ ಮಾತು ಕೇಳ್ತೀನಿ... ಕೇಳ್ಲಾ?"

ಅವಳು ಅತ್ತೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಹೂಂ ಎಂದು ತಲೆ ಆಡಿಸಿದಳು.

"ಆಗ್ರಾ ಪೋಸ್ಟಾಫೀಸ್ಗೆ ಜವಾಬು ಬಂದ್ರೆ ಸೀದಾ ನಿಮ್ಮನೆಗೆ. ಬರ್ಲಿಲ್ಲಾಂದ್ರೆ... ಇಷ್ಟ ಇಲ್ಲ ಅಂತ ತಿಳ್ಕಂಡು ನಿಮ್ ಬೀದಿಗೂ ಕಾಲಿಕ್ಕಾಕಿಲ್ಲ."

ಕಾರ್ಡುಗಳು ಬಂದವು. ಒಂದು ಕಡೆ ಬಣ್ಣದ ಚಿತ್ರ, ಇನ್ನೊಂದು ಕಡೆ ಅವನ ಗುಂಡು ಗುಂಡು ಅಕ್ಷರ.

ಮಧುರೆಯಿಂದ: "ಗೋಪುರ ನೋಡಿ ಮೇಡಂ ಇದೇ ಎಲ್ಲಕ್ಕಿಂತ ಇಷ್ಟ ಅಂದರು. ನಾನು ಅವರ ಬೂಟು ಕಾಯುತ್ತ ಕೂತಿದ್ದೆ."

ಕನ್ಯಾಕುಮಾರಿಯಿಂದ: "ಇಲ್ಲಿಗೆ ನೆಲ ಮುಗಿಯಿತು. ಮೇಡಂಗೆ ಈಗ ಇದೇ ಎಲ್ಲಕ್ಕಿಂತ ಇಷ್ಟವಂತೆ."

ಅಪ್ಪ ಗಟ್ಟಿಯಾಗಿ ಓದಿ ನಗುತ್ತಿದ್ದ. ಅಪ್ಪ ನಕ್ಕದ್ದನ್ನು ಅವಳು ಎಷ್ಟು ವರ್ಷದ ಮೇಲೆ ನೋಡಿದ್ದಳೋ!

ಕಾಶಿಯಿಂದ ಬಂದದ್ದನ್ನು ಮಾತ್ರ ಅವಳು ಒಬ್ಬಳೇ ಕೂತು ಹತ್ತು ಸಲ ಓದಿದಳು. "ಇಷ್ಟು ಸಾವಿರ ಜನರಲ್ಲಿ ಕನ್ನಡ ಬಲ್ಲವರು ಒಬ್ಬರೂ ಸಿಗಲಿಲ್ಲ. ನಾಲ್ಕು ದಿನದಿಂದ ಕಾರಿನ ಜೊತೆ ಮಾತಾಡುತ್ತಿದ್ದೇನೆ."

ಪಾಪ... ನಾನಿಲ್ಲಿ ಮಗ್ಗದ ಜೊತೆ, ಅವನಲ್ಲಿ ಕಾರಿನ ಜೊತೆ! ಇನ್ನು ಒಂದೇ ಒಂದು ಕಾರ್ಡು. ಆಮೇಲೆ...

ಆ ದಿನಗಳಲ್ಲೇ ಮನೆಗೆ ಸಾವಿನ ಕಾಗದ ಬಂತು. ಅಂಚಿಗೆ ಕರಿ ಬಳಿದ ಕಾಗದವೆಂದರೆ ಯಾರೋ ತೀರಿಕೊಂಡರೆಂದೇ ಅರ್ಥ. ಅದನ್ನು ಹೊಸ್ತಿಲೊಳಗೆ ತರುವಂತಿಲ್ಲ. ಹೊರಗೇ ಹರಿದು ಹಾಕಿ ತಲೆಗೆ ನೀರು ಹುಯ್ದುಕೊಳ್ಳಬೇಕು. ಸರಸ್ವತತ್ತೆಗೆ ಓದು ಬಾರದು. ಕರಿ ಕಂಡದ್ದೇ ತಡ, ಹರಿದು ಮೋರಿಗೆ ಎಸೆದು ಗೋಳಿಟ್ಟಳು.

"ಸೇಲಂ ಸಿದ್ದಯ್ಯಣ್ಣ ಓಗ್ಬುಟ್ರು ಕಣ್ರೋ!"

"ಅವ್ರೇ ಅಂತ ಎಂಗ್ ಗೊತ್ತಕ್ಕಾ?" ಎಂದ ರಾಮಲಿಂಗಯ್ಯ.

"ಇನ್ಯಾರು? ಆಸಿಗೆ ಹಿಡ್ದು ಒಂದ್ ವರ್ಷ ಆಗಿತ್ತಲ್ಲ!"

ದಾಯಾದಿ ಅಣ್ಣ. ಯಾವುದೋ ಹಳೇ ಜಗಳದಿಂದ ಆರು ವರ್ಷ ಹೋಗಿಬರುವುದೇ ನಿಂತಿತ್ತು. ತಿಥಿಗೆ ಹೋಗಲು ಯಾರಿಗೂ ಮುಖವಿರಲಿಲ್ಲ. ಮೂವರೂ ಸ್ನಾನ ಮಾಡಿ ಸುಮ್ಮನಾದರು. ಶಂಕರಿ ಒದ್ದೆ ತಲೆಯಲ್ಲೇ ಬಾಗಿಲಿಗೆ ಬಂದು, ಪೋಸ್ಟಿನ ಮಾದಯ್ಯ ಹೋದ ದಾರಿಯನ್ನು ನೋಡುತ್ತ ನಿಂತಳು. ಇವತ್ತೂ ನನಗೇನೂ ಬರಲಿಲ್ಲವಾ?

ಅಂದು ಬರಲಿಲ್ಲ. ಮರುದಿನವೂ ಬರಲಿಲ್ಲ. ಯುಗಾದಿ ಕಳೆಯಿತು.

ಒಂದು ದಿನ ಮಾದಯ್ಯನೇ ಹೇಳಿದ. "ಆ ಟ್ಯಾಕ್ಸಿ ಉಡ್ಗ ಅನೂರ್ಗೆ ಬಂದು ತಿಂಗ್ಳಾಯ್ತಂತೆ ಕಣವ್ವ. ಬಸ್‌ಸ್ಟಾಂಡಲ್ಲಿ ಕಂಡೆ. ಸೊರಗಿ ಇಳ್ದೋಗವ್ನೆ."

ತಿಂಗಳಾಯಿತಾ! ಬಂದು, ಇಷ್ಟು ಹತ್ತಿರ ಇದ್ದು, ಒಂದು ಸಲ ಈ ಬೀದಿಗೆ ಬರಲಿಲ್ಲವಾ? ಊರೂರು ಕಂಡವನಿಗೆ ನಾನೆಲ್ಲಿ ನೆನಪಿರುತ್ತೇನೆ... ಅವಳು ಮಗ್ಗಕ್ಕೆ ಕೂತಳು. ಲಾಳಿ ಎಸೆದಳು, ಎಸೆದಳು, ಕಣ್ಣು ಮಂಜಾಗುವವರೆಗೂ ಎಸೆದಳು. ಅತ್ತರೆ ಕೇಳುವವರು ಯಾರೂ ಇರಲಿಲ್ಲ.

ಯಳಂದೂರಿನ ಸಂಬಂಧ ಬಂದಾಗ ಅಪ್ಪ ಕೇಳಿದ. "ನಿಮ್ಮಿಷ್ಟ" ಅಂದಳು. ಹುಡುಗನ ಕಡೆಯವರು ವೀಳ್ಯ ತಂದು ಸಂಬಂಧ ಗಟ್ಟಿ ಮಾಡುವ ದಿನ ನಿಶ್ಚಯವಾಯಿತು.

ಅದರ ಹಿಂದಿನ ದಿನ ಬೆಳಗ್ಗೆ ಬಾಗಿಲಲ್ಲಿ ಕೋಲು ಊರಿಕೊಂಡು ಒಬ್ಬ ಮುದುಕ ನಿಂತ.

"ಏನು ರಾಮಲಿಂಗ, ಮಗಳ ಒಪ್ಪುವೀಳ್ಯಕ್ಕೆ ನನಗೆ ಒಂದು ಮಾತು ಹೇಳಬಾರದಾ? ರೇಷ್ಮೆ ವ್ಯಾಪಾರದವರು ಹೇಳಿ ತಿಳೀಬೇಕಾ?"

ಸರಸ್ವತತ್ತೆ ಕೈಲಿದ್ದ ಮೊರ ಬಿಟ್ಟು ಕಿಟಾರನೆ ಕಿರುಚಿದಳು. ಸೇಲಂ ಸಿದ್ದಯ್ಯ! ಜೀವಂತ! ದೆವ್ವವೂ ಅಲ್ಲ, ಕಾಲಲ್ಲಿ ಚಪ್ಪಲಿ ಬೇರೆ!

"ನೀ... ನೀವು ಸತ್ತಿದ್ರಲ್ಲಾ!"

"ಯಾರು ಹೇಳಿದ್ದು? ನನಗೆ ಗೊತ್ತಿಲ್ಲವಲ್ಲ!"

ಅಪ್ಪ ಅಣ್ಣನ ಕಾಲು ಹಿಡಿದ. ಅತ್ತೆ ಅಳುವುದೋ ನಗುವುದೋ ತಿಳಿಯದೆ ನಿಂತಳು. ಶಂಕರಿ ಮಾತ್ರ ಮೋರಿಯ ಕಡೆ ತಿರುಗಿ ನೋಡಿದಳು. ದೊಡ್ಡಪ್ಪ ಸತ್ತಿಲ್ಲ ಅಂದರೆ... ಆ ಕಾಗದ ಯಾರದು?

ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಮಾದಯ್ಯ ಮೂರನೇ ಬೀದಿಯಲ್ಲಿ ಸಿಕ್ಕ.

"ಮಾದಯ್ಯಣ್ಣ, ಯುಗಾದಿಗೆ ಮುಂಚೆ ನಮ್ಮನೆಗೆ ಒಂದು ಕರಿ ಕಾಗದ ಕೊಟ್ರಲ್ಲ..."

"ಕರಿ ಕಾಗದ ಎಲ್ಲಿ ಕೊಟ್ಟಿವ್ನಿ? ಚಿತ್ರದ ಕಾರ್ಡೊಂದು ಕೊಟ್ಟಿದ್ದೆ. ಬೆಳ್ಳಗೆ ದೊಡ್ಡ ಗುಮ್ಮಟ ಇತ್ತು ಕಣವ್ವ, ಸುತ್ತ ಕಪ್ಪು ಅಂಚು. ಬಲೇ ಚಂದಾಗಿತ್ತು."

ಅವಳು ಮನೆಯ ಕಡೆ ತಿರುಗಿದಳು. ತಾಜಮಹಲು! ಅವನು ಕೇಳಿದ್ದ. ಹೇಳಿದ ಹಾಗೇ ಕೇಳಿದ್ದ! ನಾವು ಅದನ್ನು ಮೋರಿಗೆ ಎಸೆದು, ತಲೆಗೆ ನೀರು ಹುಯ್ದುಕೊಂಡೆವು. ನಾನೂ ಹುಯ್ದುಕೊಂಡೆ...

ಮನೆಗೆ ಬಂದು ಎಲ್ಲರೆದುರೇ ಹೇಳಿದಳು. ಹುಟ್ಟಿದಾಗಿನಿಂದ ಅಪ್ಪನಿಗೆ ಎದುರು ನಿಂತು ಮಾತಾಡದವಳು!

"ಅಪ್ಪ, ಆ ಮಾದಸ್ವಾಮಿ ನನ್ನ ಕೇಳಿ ನಿಮಗೆ ಕಾರ್ಡ್ ಹಾಕಿದ್ರು. ಅತ್ತೆ ಸಾವಿನ ಕಾಗ್ದ ಅಂತ ಹರ್ದಾಕಿದ್ದು ಅದನ್ನೇ. ಮೊದ್ಲು ಕೇಳ್ದೋರ್ಗೆ ಜವಾಬು ಕೊಡ್ದೆ ಇನ್ನೊಬ್ರ ವೀಳ್ಯ ತಕಳಾದು ಸರಿಯಾ?"

 ಅತ್ತೆ ಬೈಯುವುದನ್ನೂ ಮರೆತು ಬಾಯಿಗೆ ಸೆರಗು ಒತ್ತಿಕೊಂಡಳು.

ರಾಮಲಿಂಗಯ್ಯ ಮಗಳ ಮುಖ ನೋಡಿದ. ಮನೆತನದ ಮರ್ಯಾದೆಯ ಮನುಷ್ಯ. ಕೊಟ್ಟ ಮಾತು ಮುರಿಯುವುದು ಅವನಿಗೆ ಸಾವಿದ್ದಂತೆ.

"ಸರಿಯಲ್ಲ" ಎಂದ. "ಓಗು. ಜವಾಬು ಹೇಳ್ಬುಟ್ಟು ಬಾ. ನೀನು ಏನ್ ಹೇಳ್ತೀಯೋ ಅದೇ ನನ್ ಮಾತು. ಯಳಂದೂರ್ನೋರ ಕಾಲು ನಾನ್ ಹಿಡ್ಕತೀನಿ."

"ಒಬ್ಬಳನ್ನೇ ಕಳಿಸ್ತೀಯಾ? ನಡಿ ಮಗಳೇ, ನಾನು ಬರ್ತೀನಿ" ಎಂದು ಸಿದ್ದಯ್ಯ ಮತ್ತೆ ಕೋಲು ಎತ್ತಿಕೊಂಡ. "ನಾನು ಸತ್ತದ್ದಕ್ಕೆ ತಾನೇ ಇಷ್ಟೆಲ್ಲ ಆದದ್ದು!"

ಹನೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಒಂದೇ ಭಯ. ಅವನ ಮನಸ್ಸು ಬೇರೆ ಕಡೆ ತಿರುಗಿಬಿಟ್ಟಿದ್ದರೆ?

ಅವನು ಮನೆಯ ಮುಂದೆ ಕಾರು ತೊಳೆಯುತ್ತಿದ್ದ. ಇವಳನ್ನು ಕಂಡದ್ದೇ ಅವನ ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಬಿತ್ತು. ನಿಜವಾಗಿ ಇಳಿದುಹೋಗಿದ್ದ. ಗಡ್ಡ ಬೆಳೆದಿತ್ತು.

"ಬನ್ನಿ. ಯಳಂದೂರ್ ಸಂಬಂಧ ಕುದುರ್ತಂತೆ... ಮದ್ವೆಗೆ ಕರಿಯಾಕ್ ಬಂದ್ರಾ?"

ಬನ್ನಿ ಅಂದುಬಿಟ್ಟ! ನಿನ್ ಅಂತಿದ್ದವನು ಈಗ ಹೊರಗಿನವಳಂತೆ ಮಾತಾಡಿಸಿದ.

"ನಿಮ್ಮ ಕಾರ್ಡನ್ನ ನಾವ್ಯಾರೂ ಓದ್ಲಿಲ್ಲ! ಕರಿ ಅಂಚು ನೋಡಿ ಸಾವಿನ ಕಾಗ್ದ ಅಂದ್ಕಂಡು, ಅತ್ತೆ ಬಾಗ್ಲಲ್ಲೇ ಹರ್ದಾಕ್ಬುಟ್ರು!"

ಅವನು ನಂಬದವನಂತೆ ನೋಡಿದ. ಸಿದ್ದಯ್ಯ ಕೆಮ್ಮಿ ಮುಂದೆ ಬಂದ.

"ಆ ಸತ್ತವನು ನಾನೇ ಕಣಪ್ಪಾ."

ಮಾದಸ್ವಾಮಿ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದ. ಮೊದಲು ನಗು ಬಂತು. ನಗುತ್ತಲೇ ಜಗಲಿಯ ಮೇಲೆ ಕೂತವನು ಮುಖ ಮುಚ್ಚಿಕೊಂಡ. 

"ಅಂಗ್ಡೀಲಿದ್ದುದ್ರಲ್ಲಿ ದುಬಾರಿ ಕಾರ್ಡು ಅದೇಯಾ. ಮೇಡಂ ನಿಂಗೆ ಅಂತ್ಲೇ ಆರ್ಸಿ ಕೊಟ್ರು. ಅಂಚು ಕಂಡೆ, ಚಿತ್ರದ್ದು ತಾನೇ ಅಂದ್ಕಂಡೆ. ಆ ತಾಜಮಹಲೇ ಒಂದು ಗೋರಿ ಅಂತ ಆಗ ನಂಗೆಲ್ಲಿ ಒಳೀತು!"

ಸಿದ್ದಯ್ಯ ಏನೋ ನೆನಪಾದವನಂತೆ ಬೀಡಿ ಅಂಗಡಿಯ ಕಡೆ ನಡೆದ.

"ಮೇಡಂಗೆ ಅಲ್ಲಿ ಜ್ವರ ಬಂದು ಇಪ್ಪತ್ತು ದಿವ್ಸ ನಿಂತಿದ್ವಿ. ದಿನಾ ಪೋಸ್ಟಾಫೀಸ್ಗೆ ಓಗಿ ಕೇಳ್ತಿದ್ದೆ. ಅನ್ನೆರಡು ಜಾಗ ಸುತ್ತಿದ್ನಲ್ಲ ಶಂಕರಿ... ಯಾವ್ದೂ ಸರ್ಯಾಗಿ ನೆಪ್ಪಿಲ್ಲ. ಆ ಪೋಸ್ಟಾಫೀಸ್ ಬಾಗ್ಲೊಂದು ನೆಪ್ಪದೆ."

ಅವಳು ಅವನ ಪಕ್ಕ, ಸ್ವಲ್ಪ ದೂರದಲ್ಲಿ ಕೂತಳು.

"ಏನಂತ ಬರ್ದಿದ್ರಿ?"

"ನಿಮ್ ಮಗಳನ್ನ ನಂಗೆ ಕೊಡ್ತೀರಾ ಅಂತ. ನಮ್ಮನೇಲಿ ಮಾತಾಡಾಕೆ ಯಾರೂ ಇಲ್ಲ, ನಿಮ್ಮನೇಲೂ ಅವ್ಳ್ ಜೊತೆ ಮಾತಾಡೋರಿಲ್ಲ... ಇಬ್ರೂ ಮಾತಾಡ್ಕಂಡಿರ್ತೀವಿ ಅಂತ."

"ಅಷ್ಟೇಯಾ?"

"ಕಾರ್ಡಲ್ಲಿ ಅಷ್ಟೇ ಜಾಗ ಇದ್ದದ್ದು."

ಅವಳಿಗೆ ಅಳು ಉಕ್ಕಿ ಬಂತು. ಅದುಮಿಕೊಳ್ಳಲಿಲ್ಲ. ಇಷ್ಟು ವರ್ಷ ಅದುಮಿಕೊಂಡದ್ದೇ ಸಾಕಾಗಿತ್ತು!

"ಅಪ್ಪ ಜವಾಬು ಕಳ್ಸವ್ರೆ" ಎಂದಳು.

ಅವನು ಅವಳ ಖಾಲಿ ಕೈ ನೋಡಿದ. "ಎಲ್ಲಿ?"

"ನಾನೇ."

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಮೆಲ್ಲಗೆ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಮಾತಾಡಿ ಮತ್ತೆ" ಎಂದಳು ಕಣ್ಣೊರೆಸಿಕೊಳ್ಳುತ್ತ.

"ಏನ್ ಮಾತಾಡ್ಲಿ?"

"ಏನಾರ ಮಾತಾಡಿ. ನಾನ್ ಕೇಳ್ತೀನಿ."